ಡಬ್ಬದ ಬಣ್ಣ, ಬೋರ್ಡಿನ ಅಕ್ಷರ

ಕೈಬರಹದ ಬೋರ್ಡಿಗೆ ಬಳಸುವ ಎನಾಮೆಲ್ ಬಣ್ಣ ಅಂಗಡಿಯಿಂದ ಬಂದ ಹದದಲ್ಲೇ ಅಕ್ಷರಕ್ಕೆ ಒದಗುವುದಿಲ್ಲ. ಅದು ಬಾಗಿಲು, ಕಿಟಕಿ ಸರಳು, ಗೇಟುಗಳಿಗೆಂದು ತಯಾರಾದ ಬಣ್ಣ. ಅಗಲ ಬ್ರಷ್ಷಿನಲ್ಲಿ ಬಳಿದಾಗ ತಾನಾಗಿ ಹರಡಿ ಸಮವಾಗುತ್ತದೆ. ಅಕ್ಷರಕ್ಕೆ ಬೇಕಾದದ್ದು ಸಲೀಸಾಗಿ ಎಳೆಯಲು ಬರುವ, ಆದರೆ ಎಳೆದ ಗೆರೆಯಲ್ಲೇ ನಿಲ್ಲುವ ಬಣ್ಣ. ಆ ಹದ ಬರುವುದು ಬಣ್ಣವನ್ನು ಕಾಯ್ದಿಡುವ ಮತ್ತು ಕಲಸುವ ರೀತಿಯಿಂದ. ಬೋರ್ಡು ಬರೆಯುವವರ ರೂಢಿಯಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳಷ್ಟಿದೆ, ಬಿಡಬೇಕಾದವೂ ಕೆಲವಿವೆ.

ಎನಾಮೆಲ್ ಒಣಗುವುದು ಎರಡು ಹಂತದಲ್ಲಿ. ಮೊದಲು ಅದರೊಳಗಿನ ಟರ್ಪೆಂಟೈನ್ ಆರಿಹೋಗುತ್ತದೆ. ಆಮೇಲೆ ಉಳಿದ ಆಲ್ಕಿಡ್ ರಾಳ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಬೋರ್ಡಿನ ಮೇಲೆ ಬೇಕಾದ ಈ ಕ್ರಿಯೆ ಡಬ್ಬದೊಳಗೆ ನಡೆದರೆ ಕೆನೆ ಕಟ್ಟುತ್ತದೆ. ಕೆನೆ ಕಟ್ಟದಿರಲೆಂದು ಕಾರ್ಖಾನೆಯಲ್ಲಿ ಸೇರಿಸಿದ ರಾಸಾಯನಿಕ, ಮುಚ್ಚಳ ತೆಗೆದಾಗಲೆಲ್ಲ ಅಷ್ಟಿಷ್ಟು ಹಾರಿಹೋಗುತ್ತದೆ. ಹೀಗಾಗಿ ಒಂದು ಲೀಟರಿನ ಡಬ್ಬವನ್ನು ಮತ್ತೆ ಮತ್ತೆ ತೆರೆಯುವುದಕ್ಕಿಂತ 100 ಅಥವಾ 200 ಮಿಲಿಲೀಟರಿನ ಚಿಕ್ಕ ಡಬ್ಬಗಳನ್ನು ಕೊಳ್ಳುವುದು ಮೇಲು. ಚಿಕ್ಕ ಡಬ್ಬದಲ್ಲಿ ಲೀಟರಿಗೆ ಬೀಳುವ ಬೆಲೆ ಹೆಚ್ಚೆಂಬುದು ನಿಜ. ಕೆನೆಯಾಗಿ ಎಸೆಯುವ ಬಣ್ಣವನ್ನೂ ಲೆಕ್ಕಕ್ಕೆ ಹಿಡಿದರೆ ದೊಡ್ಡ ಡಬ್ಬದ ಉಳಿತಾಯ ಬಹುಮಟ್ಟಿಗೆ ಕರಗುತ್ತದೆ.

ಡಬ್ಬವನ್ನು ಬೋರಲು ಹಾಕಿಡುವುದು ಬಹಳ ಕಡೆ ಕಾಣುವ ಪದ್ಧತಿ. ಇದಕ್ಕೆ ಸಿಗುವ ಹೊಗಳಿಕೆ ಅದರ ಯೋಗ್ಯತೆಗಿಂತ ಹೆಚ್ಚು. ಬಣ್ಣವೇ ಮುಚ್ಚಳದ ಸಂದನ್ನು ಮುಚ್ಚುವುದರಿಂದ ಹೊರಗಿನ ಗಾಳಿ ಒಳಬರುವುದಿಲ್ಲ, ಅಷ್ಟು ಸರಿ. ಆದರೆ ಒಳಗಿದ್ದ ಗಾಳಿ ಅಲ್ಲೇ ಉಳಿಯುತ್ತದೆ. ಕೆನೆ ಕಟ್ಟುವ ಜಾಗ ಮಾತ್ರ ಬದಲಾಗುತ್ತದೆ. ಉಳಿದ ಬಣ್ಣವನ್ನು ಅದರ ಅಳತೆಗೆ ತಕ್ಕ ಚಿಕ್ಕ ಡಬ್ಬಕ್ಕೆ ಬಗ್ಗಿಸಿ, ಮೇಲೆ ಟರ್ಪೆಂಟೈನನ್ನು ತೆಳುವಾಗಿ ಹರಿಯಬಿಟ್ಟು, ಕಲಕದೆ ಮುಚ್ಚುವುದು ಇದಕ್ಕಿಂತ ಎಷ್ಟೋ ಒಳ್ಳೆಯದು. ಮುಚ್ಚುವ ಮುನ್ನ ಬಾಯಿಯ ಸುತ್ತಲಿನ ತೋಡನ್ನು ಬಟ್ಟೆಯಿಂದ ಒರೆಸಬೇಕು. ಅಲ್ಲಿ ಒಣಗಿದ ಬಣ್ಣ ಮುಚ್ಚಳವನ್ನು ಕೂರಗೊಡುವುದಿಲ್ಲ. ಅರಕಲಗೂಡು ತಾಲ್ಲೂಕಿನ ಕೊಣನೂರಿನಂಥ ಕಾವೇರಿ ದಂಡೆಯ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತೇವಕ್ಕೆ ಸಡಿಲ ಮುಚ್ಚಳದ ಅಂಚು ತುಕ್ಕು ಹಿಡಿದು, ಅದರ ಪುಡಿ ಬಿಳಿ ಬಣ್ಣದೊಳಗೆ ಉದುರುತ್ತದೆ. ನೆಲಕ್ಕಿಂತ ಹಲಗೆಯ ಮೇಲೆ ಡಬ್ಬ ಇಡುವುದು ಅದಕ್ಕೇ.

ಕಟ್ಟಿದ ಕೆನೆಯನ್ನು ಕಲಕಿ ಕರಗಿಸುವ ಯತ್ನ ವ್ಯರ್ಥ. ಗಟ್ಟಿಯಾದ ರಾಳ ಟರ್ಪೆಂಟೈನಿನಲ್ಲಿ ಮತ್ತೆ ಕರಗದು. ಚೂರುಚೂರಾಗಿ ಅಕ್ಷರದ ಮೇಲೆ ಹರಳಾಗಿ ಕೂರುತ್ತದೆ. ಚಾಕುವಿನಿಂದ ಸುತ್ತ ಕೊಯ್ದು ಇಡಿಯಾಗಿ ಎತ್ತಿ, ಉಳಿದದ್ದನ್ನು ತೆಳುಬಟ್ಟೆಯಲ್ಲಿ ಸೋಸಬೇಕು.

ಬಣ್ಣ ತೆಳು ಮಾಡುವುದರಲ್ಲಿ ಎಡವುವವರು ಇನ್ನೂ ಹೆಚ್ಚು. ಅಗ್ಗವೆಂದು ಸೀಮೆಎಣ್ಣೆ ಬೆರೆಸಿದರೆ ಅದು ನಿಧಾನವಾಗಿ ಆರಿ, ಎಣ್ಣೆಯಂಶ ಉಳಿಸಿ, ಹೊಳಪು ಕೆಡಿಸುತ್ತದೆ. ಪೆಟ್ರೋಲ್ ಬ್ರಷ್ಷಿನಲ್ಲೇ ಆರಿಹೋಗಿ ಗೆರೆ ಜಗ್ಗುತ್ತದೆ, ಬೆಂಕಿಯ ಅಪಾಯ ಬೇರೆ. ವಾಹನಗಳ ಬಣ್ಣಕ್ಕೆ ಬಳಸುವ ಎನ್.ಸಿ. ಥಿನ್ನರ್ ತೀರ ಉಗ್ರ. ಕೆಳಗಿನ ಕೋಟನ್ನೇ ಎಬ್ಬಿಸಿ ಸುಕ್ಕುಗಟ್ಟಿಸುತ್ತದೆ. ಇವು ಮೂರನ್ನೂ ಬಿಡಬೇಕು. ತೆಳು ಮಾಡಲೆಂದು ಟರ್ಪೆಂಟೈನನ್ನೂ ನೇರವಾಗಿ ಡಬ್ಬಕ್ಕೆ ಸುರಿಯಬಾರದು. ಅರ್ಧ ಗಂಟೆಯ ಕೆಲಸಕ್ಕೆ ಬೇಕಾದಷ್ಟು ಬಣ್ಣವನ್ನು ತೆಂಗಿನ ಚಿಪ್ಪಿಗೋ ಸಣ್ಣ ಬಟ್ಟಲಿಗೋ ತೆಗೆದುಕೊಂಡು ಅಲ್ಲೇ ಹದ ಮಾಡಿಕೊಳ್ಳುವ ಹಳೆಯ ಪದ್ಧತಿ ಈ ಕಸುಬಿನ ಅತ್ಯುತ್ತಮ ರೂಢಿ. ಮಿಕ್ಕಿದ್ದನ್ನು ಮತ್ತೆ ಡಬ್ಬಕ್ಕೆ ಹಾಕದಿದ್ದರೆ ಮಾತ್ರ ಅದರ ಪೂರ್ಣ ಫಲ ಸಿಗುತ್ತದೆ.

ಹದವನ್ನು ಪರೀಕ್ಷಿಸಬೇಕಾದದ್ದು ಬೋರ್ಡಿನ ದೊಡ್ಡ ಅಕ್ಷರದಲ್ಲಲ್ಲ, ಅಡಿಯಲ್ಲಿ ಬರುವ ವಿಳಾಸದ ಸಾಲಿನಲ್ಲಿ. ‘ಮುಖ್ಯ ರಸ್ತೆ, ಕೊಣನೂರು’ ಎಂದು ಬರೆಯುವಾಗ ‘ಣ’ದ ಒಳಗಿನ ಕಿಂಡಿಗಳು ತೆರೆದಿರಬೇಕು, ‘ಖ್ಯ’ ಮತ್ತು ‘ಸ್ತೆ’ಯ ಒತ್ತುಗಳು ಮೇಲಿನ ಅಕ್ಷರಕ್ಕೆ ಅಂಟಬಾರದು. ನೀರಾದ ಬಣ್ಣ ಕಿಂಡಿಗಳನ್ನು ಮುಚ್ಚಿಬಿಡುತ್ತದೆ. ಗಟ್ಟಿ ಬಣ್ಣ ದುಂಡನೆಯ ತಿರುವಿನ ನಡುವೆಯೇ ಬ್ರಷ್ಷಿನಿಂದ ಕಡಿದು, ಜೋಡಿಸಿದ ಗುರುತು ಬಿಡುತ್ತದೆ. ಬಾಗುವಿಕೆಯೇ ಪ್ರಧಾನವಾದ ಕನ್ನಡ ಲಿಪಿಗೆ ಈ ಎರಡನೆಯ ದೋಷ ನೇರಗೆರೆಯ ರೋಮನ್ ದೊಡ್ಡಕ್ಷರಗಳಿಗಿಂತ ಹೆಚ್ಚು ಬಾಧಕ.

ಬಣ್ಣ ಬೆರೆಸುವಾಗ ತಿಳಿ ಬಣ್ಣಕ್ಕೆ ಗಾಢ ಬಣ್ಣವನ್ನು ಹನಿಹನಿಯಾಗಿ ಸೇರಿಸಬೇಕು; ತಿರುವುಮುರುವು ಮಾಡಿದರೆ ಬೇಕಾದ ಛಾಯೆ ಬರುವಷ್ಟರಲ್ಲಿ ಬಟ್ಟಲು ತುಂಬಿರುತ್ತದೆ. ಇಡೀ ಬೋರ್ಡಿಗೆ ಬೇಕಾದಷ್ಟನ್ನು ಒಮ್ಮೆಗೇ ಬೆರೆಸಿಕೊಳ್ಳುವುದು ಜಾಣತನ, ಎರಡನೆಯ ಸಲ ಅದೇ ಛಾಯೆ ಕೂಡಿಬರುವುದು ಕಷ್ಟ. ನೀರು ಬೆರೆಸುವ ಹೊಸ ಬಗೆಯ ಎನಾಮೆಲನ್ನು ಎಣ್ಣೆಯದರ ಜೊತೆ ಸೇರಿಸಿದರೆ ಎರಡೂ ಕೆಡುತ್ತವೆ. ರಾಜ್ಯೋತ್ಸವದ ಹೊತ್ತಿಗೆ ಬರೆಸುವ ಅರಿಶಿನ-ಕುಂಕುಮ ಬಣ್ಣದ ಬೋರ್ಡುಗಳಲ್ಲಿ ಹಳದಿ ನೆಲದ ಮೇಲೆ ಕೆಂಪು ಅಕ್ಷರ ಸುರಕ್ಷಿತ. ಕೆಂಪಿನ ಮೇಲೆ ಹಳದಿ ಬರೆದರೆ ಕೆಲವು ಕೆಂಪು ವರ್ಣಕಗಳು ಮೇಲಕ್ಕೆ ಊರಿ ಹಳದಿಯನ್ನು ಕಿತ್ತಳೆಗೆ ತಿರುಗಿಸುತ್ತವೆ. ನವೆಂಬರಿನಿಂದಾಚೆ ನದಿಯ ಬಳಿ ಇಬ್ಬನಿಯೂ ಬೀಳುವುದರಿಂದ ಸಂಜೆ ಬರೆದು ಬಯಲಿನಲ್ಲಿ ಬಿಟ್ಟ ಅಕ್ಷರ ಬೆಳಗಾಗುವಷ್ಟರಲ್ಲಿ ಮಂಕಾಗುತ್ತದೆ. ಬೆಳಿಗ್ಗೆ ತಗಡಿನ ತೇವ ಆರಿದ ಮೇಲೆ ಕೆಲಸ ಹಿಡಿಯುವುದು ಸರಿ.

ಹಳೆಯ ಹಳದಿ ಚೆನ್ನಾಗಿ ಮುಚ್ಚುತ್ತಿತ್ತು ಎಂಬ ಮಾತಿನಲ್ಲಿ ಹುರುಳಿದೆ: ಅದರಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಸೀಸದ ಕ್ರೋಮೇಟ್. 2016ರ ಕೇಂದ್ರದ ನಿಯಮ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಮಿತಿಯನ್ನು 90 ಪಿಪಿಎಂಗೆ ನಿಗದಿಪಡಿಸಿತು. 2017ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಈಗಿನ ಸೀಸವಿಲ್ಲದ ಹಳದಿಗೆ ಮೊದಲು ಬಿಳಿ ಕೋಟು ಕೊಟ್ಟರೆ ಮುಚ್ಚುವ ಶಕ್ತಿಯ ಕೊರತೆ ತುಂಬುತ್ತದೆ. ಮೂಲೆಯಲ್ಲಿ ಉಳಿದ ಹಳೆಯ ಹಳದಿಯ ಡಬ್ಬವನ್ನು ಹೊಸದರ ಜೊತೆ ಬೆರೆಸಿ ಮುಗಿಸಬಾರದು. ಹಳೆಯ ಬೋರ್ಡನ್ನು ಮತ್ತೆ ಬರೆಯುವಾಗ ಒಣದಾಗಿ ಉಜ್ಜದೆ, ಸೀಸದ ದೂಳು ಏಳದಿರಲೆಂದು ನೀರು ಹಾಕಿ ಉಜ್ಜಬೇಕು.