ಗುಣವಾದ ಮೇಲೆ ಉಳಿಯುವವರು ಯಾರು?

ವೈಜ್ಞಾನಿಕ ಕಾದಂಬರಿ ಎಂದರೆ ರಾಕೆಟ್ಟು, ರೋಬೋ ಎಂದುಕೊಂಡವರು ಎಲಿಜಬೆತ್ ಮೂನ್ ಅವರ ‘ದಿ ಸ್ಪೀಡ್ ಆಫ್ ಡಾರ್ಕ್’ನಿಂದ ಓದು ಶುರುಮಾಡಲಿ. 2003ರ ನೆಬ್ಯುಲಾ ಪ್ರಶಸ್ತಿ ಪಡೆದ ಕಾದಂಬರಿ ಇದು. ಆಟಿಸಂ ಅನ್ನು ಎಳೆಯ ಮಗುವಿನಲ್ಲೇ ವಾಸಿಮಾಡುವ ಕಾಲ ಬಂದಿದೆ. ಅದಕ್ಕೂ ಮುಂಚೆ ಹುಟ್ಟಿದ ಕೊನೆಯ ತಲೆಮಾರಿನವನು ಲೂ ಅರೆಂಡೇಲ್. ಕಂಪನಿಯೊಂದರಲ್ಲಿ ಮಾಹಿತಿಯ ರಾಶಿಯೊಳಗಿನ ವಿನ್ಯಾಸಗಳನ್ನು ಗುರುತಿಸುವುದು ಅವನ ಕೆಲಸ. ಈಗ ದೊಡ್ಡವರಿಗೂ ಪ್ರಾಯೋಗಿಕ ಚಿಕಿತ್ಸೆ ಸಿದ್ಧವಾಗಿದೆ. ಮಾಡಿಸಿಕೋ ಎಂದು ಹೊಸ ಮೇಲಧಿಕಾರಿ ಒತ್ತಡ ಹಾಕುತ್ತಾನೆ.

ಕತೆ ಮುಂದೇನಾಯಿತು ಎಂದು ಓಡಬೇಡಿ. ಬಹುಪಾಲು ಕತೆಯನ್ನು ಲೂ ತಾನೇ ಹೇಳುತ್ತಾನೆ. ಅವನ ಮಾತಿನ ನಡೆಗೆ ಕಿವಿಗೊಡಿ. ಅವನ ಕಚೇರಿಯಲ್ಲಿ ಫ್ಯಾನಿನ ಗಾಳಿಗೆ ತಿರುಗುವ ಬಣ್ಣದ ಗಿರಗಿಟ್ಟಲೆಗಳಿವೆ. ಪಕ್ಕದ ಜಿಮ್ಮಿನಲ್ಲಿ ಟ್ರಾಂಪೊಲಿನ್ ಇದೆ. ಸಂಗೀತ ಹಾಕಿಕೊಂಡು ಅದರ ಮೇಲೆ ಕುಪ್ಪಳಿಸಿದರೆ ಅವನ ಮನಸ್ಸು ತಹಬಂದಿಗೆ ಬರುತ್ತದೆ. ಮೇಲಧಿಕಾರಿಯ ಕಣ್ಣಿಗೆ ಇವೆಲ್ಲ ದಂಡದ ಖರ್ಚು. ಇಲ್ಲಿ ತುಸು ನಿಲ್ಲಿ. ಲೂ ಕೆಲಸದಲ್ಲಿ ಕೊರತೆಯೇನೂ ಇಲ್ಲ. ಹಾಗಾದರೆ ಚಿಕಿತ್ಸೆ ಬೇಕಾಗಿರುವುದು ಯಾರಿಗೆ?

ಹೊಸ ಓದುಗರು ಸುಲಭವಾಗಿ ದಾಟಿಬಿಡುವ ಎಳೆಯೊಂದಿದೆ. ಲೂ ಜೊತೆ ಕತ್ತಿವರಸೆ ಆಡುವ ಡಾನ್, ಹೊಟ್ಟೆಕಿಚ್ಚಿನಿಂದ ಅವನ ಕಾರು ಹಾಳುಮಾಡುತ್ತಾನೆ. ಅಂಥ ಅಪರಾಧಿಯ ಮಿದುಳಿಗೆ ಚಿಪ್ ಕೂರಿಸಿ ಸ್ವಭಾವವನ್ನೇ ತಿದ್ದುವುದು ಆ ಕಾಲದ ಕಾನೂನು. ನೊಂದವನು ತಾನೇ ಆದರೂ, ಡಾನ್‌ಗೆ ಹಾಗಾಗುವುದನ್ನು ನೆನೆದು ಲೂ ಸಂಕಟಪಡುತ್ತಾನೆ. ಇಬ್ಬರ ಮಿದುಳಿಗೂ ಕೈಹಾಕಲು ಹೊರಟಿರುವ ಲೋಕ ಅದು. ಈ ಎರಡನ್ನೂ ಜೊತೆಗಿಟ್ಟು ಓದಿದವರಿಗೇ ಕಾದಂಬರಿಯ ಆಳ ದಕ್ಕುವುದು ಎಂದು ನನ್ನ ನಂಬಿಕೆ.

ಲೂ ಏನು ನಿರ್ಧರಿಸುತ್ತಾನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಕೊನೆಯ ಭಾಗ ಅವಸರದ್ದು ಎನ್ನಿಸುತ್ತದೆ. ಆದರೂ ಅಲ್ಲಿನ ವಾಕ್ಯಗಳನ್ನು ಮೊದಲ ಪುಟಗಳ ಪಕ್ಕದಲ್ಲಿಟ್ಟು ಗಟ್ಟಿಯಾಗಿ ಓದಿ ನೋಡಿ. ಈ ಬಗೆಯ ಓದಿಗೆ ಒಳ್ಳೆಯ ಪಾಠ ಡೇನಿಯಲ್ ಕೀಸ್ ಅವರ ‘ಫ್ಲವರ್ಸ್ ಫಾರ್ ಆಲ್ಜರ್ನನ್’: 1959ರಲ್ಲಿ ಸಣ್ಣಕತೆ, 1966ರಲ್ಲಿ ಕಾದಂಬರಿ. ಅದರ ಚಾರ್ಲಿಗೆ ಇರುವುದು ಆಟಿಸಂ ಅಲ್ಲ, ಬೌದ್ಧಿಕ ನ್ಯೂನತೆ. ಶಸ್ತ್ರಚಿಕಿತ್ಸೆಯ ನಂತರ ಅವನ ಬುದ್ಧಿ ಏರಿದ್ದು, ಮತ್ತೆ ಇಳಿದದ್ದು ಅವನು ಬರೆಯುವ ವರದಿಗಳ ಕಾಗುಣಿತದಲ್ಲೇ ಕಾಣುತ್ತದೆ.

ಮೂನ್ ಆಟಿಸಂ ಇರುವ ಮಗನ ತಾಯಿ. ಹತ್ತಿರದಿಂದ ಕಂಡು ಬರೆದವರು. ಒಳಗಿನಿಂದಲೇ ಬರೆದದ್ದು ಬೇಕೆಂದರೆ, ಸ್ವತಃ ಆಟಿಸಂ ಇರುವ ಡಚ್ ಲೇಖಕಿ ಕೊರಿನ್ ಡೌವಿಸ್ ಅವರ ‘ಆನ್ ದಿ ಎಡ್ಜ್ ಆಫ್ ಗಾನ್’ (2016) ಓದಿ. ಧೂಮಕೇತು ಅಪ್ಪಳಿಸಲಿದೆ, ಭೂಮಿ ಬಿಟ್ಟು ಹೊರಡುವ ನೌಕೆಯಲ್ಲಿ ಜಾಗ ಕಡಿಮೆ. ‘ಉಪಯೋಗಕ್ಕೆ ಬರುವವರಿಗೆ’ ಮಾತ್ರ ಪ್ರವೇಶ ಎಂದಾಗ, ಆಮ್‌ಸ್ಟರ್‌ಡ್ಯಾಮಿನ ಡೆನಿಸ್ ಎಂಬ ಹುಡುಗಿ ತನ್ನ ಉಪಯೋಗವನ್ನು ರುಜುವಾತು ಮಾಡಬೇಕಾಗುತ್ತದೆ.