ಮೊಗಸಾಲೆಯ ಉಪಮೆಗಳು

ಉಪಮೆ ಕವಿಗಳ ಸೊತ್ತೆಂದು ನಾವು ತಿಳಿದಿದ್ದೇವೆ. ಆದರೆ ಶಾಸನಸಭೆಯ ಮೊಗಸಾಲೆಯಲ್ಲಿಯೂ ಅದಕ್ಕೆ ಒಳ್ಳೆಯ ಬೆಲೆಯುಂಟು. ಇಂಗ್ಲಿಷಿನ ‘ಲಾಬಿ’ ಎಂಬ ಮಾತಿಗೆ ಮೊಗಸಾಲೆ ಎಂದೇ ಅರ್ಥ. ಶಾಸಕರು ಹೋಗಿಬರುವ ದಾರಿಯಲ್ಲಿ ಕಾದು ನಿಂತು ತಮ್ಮ ಅಹವಾಲನ್ನು ಅವರ ಕಿವಿಗೆ ಹಾಕುವವರ ಕಸಬಿಗೂ ಅದೇ ಹೆಸರು ಸಂದಿದೆ. ಅಮೆರಿಕದಲ್ಲಿ ಇದು ಗುಟ್ಟಿನ ವ್ಯವಹಾರವಲ್ಲ. 1995ರ ಕಾನೂನಿನಂತೆ ಈ ಕಸಬಿನವರು ತಮ್ಮ ಹೆಸರು ನೋಂದಾಯಿಸಬೇಕು. ಮಾಡಿದ ವೆಚ್ಚವನ್ನು ಬರೆದೊಪ್ಪಿಸಬೇಕು. ಲೆಕ್ಕ ಅಲ್ಲಿ ಸಿಗುತ್ತದೆ. ಸಿಗದಿರುವುದು ಮಾತಿನ ವಿಮರ್ಶೆ. ಅದು ಸಾಹಿತ್ಯದ ವಿದ್ಯಾರ್ಥಿಗಳ ಕೆಲಸವೆಂದು ಈ ಲೇಖಕನ ನಂಬಿಕೆ.

ಹಾಲಿವುಡ್ಡಿನ ದೊಡ್ಡ ಚಿತ್ರ ಕಂಪನಿಗಳು ಕೂಡಿ 1922ರಲ್ಲಿ ಒಂದು ಸಂಘ ಕಟ್ಟಿಕೊಂಡವು. ಈಗ ಅದನ್ನು ಮೋಷನ್ ಪಿಕ್ಚರ್ ಅಸೋಸಿಯೇಷನ್ ಎನ್ನುತ್ತಾರೆ. ಮೊದಲ ಅಧ್ಯಕ್ಷ ವಿಲ್ ಹೇಸ್ ಅಮೆರಿಕ ಸರ್ಕಾರದ ಅಂಚೆ ಖಾತೆಯ ಮುಖ್ಯಸ್ಥರಾಗಿದ್ದವರು. 1966ರಲ್ಲಿ ಬಂದ ಜಾಕ್ ವಲೆಂಟಿ ಅಧ್ಯಕ್ಷ ಜಾನ್ಸನ್ನರ ಆಪ್ತರಾಗಿದ್ದವರು. 2011ರಲ್ಲಿ ಬಂದ ಕ್ರಿಸ್ ಡಾಡ್ ಮೂವತ್ತು ವರ್ಷ ಸೆನೆಟಿನಲ್ಲಿ ಕುಳಿತವರು. ಚಿತ್ರ ತೆಗೆಯಬಲ್ಲವರಿಗಿಂತ ರಾಜಧಾನಿಯ ಬಾಗಿಲುಗಳನ್ನು ತಿಳಿದವರೇ ಈ ಪೀಠಕ್ಕೆ ಬೇಕಾದರೆಂಬುದು ಇದರಿಂದಲೇ ಸ್ಪಷ್ಟ. ಸಂಘವು ಲಾಬಿಗೆಂದು ವರ್ಷಕ್ಕೆ ತೋರಿಸುವ ಹಣ ಕೆಲವೇ ಮಿಲಿಯ ಡಾಲರುಗಳು. ಒಂದು ದೊಡ್ಡ ಚಿತ್ರಕ್ಕೆ ಅದರ ಹತ್ತಾರು ಪಟ್ಟು ತಗಲುತ್ತದೆ. ಹಾಗಾದರೆ ಇಷ್ಟು ಅಗ್ಗದ ಬಂಡವಾಳದಿಂದ ಅಷ್ಟು ದೊಡ್ಡ ಪ್ರಭಾವ ಹುಟ್ಟುವುದು ಹೇಗೆ? ಚುನಾವಣೆಯ ದೇಣಿಗೆ, ಹಳೆಯ ಸ್ನೇಹ ಇವೆಲ್ಲ ಇದ್ದೇ ಇವೆ. ಅವುಗಳ ಜೊತೆಗೆ ಮಾತಿನ ಶಕ್ತಿಯೂ ಇದೆ.

ವಲೆಂಟಿ ನಿಜವಾದ ವಾಗ್ಮಿ. ಅವರ ಅತ್ಯಂತ ಪ್ರಸಿದ್ಧ ಭಾಷಣ 1982ರ ಏಪ್ರಿಲ್‌ನಲ್ಲಿ ಪ್ರತಿನಿಧಿಸಭೆಯ ಉಪಸಮಿತಿಯೊಂದರ ಮುಂದೆ ನಡೆಯಿತು. ಮನೆಯಲ್ಲಿ ಟೆಲಿವಿಷನ್ ಚಿತ್ರಗಳನ್ನು ಮುದ್ರಿಸಿಕೊಳ್ಳುವ ವೀಡಿಯೋ ಯಂತ್ರ ಆಗತಾನೆ ಜಪಾನಿನಿಂದ ಬಂದು ಹರಡುತ್ತಿತ್ತು. ಯಂತ್ರದ ಮೇಲೂ ಖಾಲಿ ಟೇಪಿನ ಮೇಲೂ ಚಿತ್ರೋದ್ಯಮಕ್ಕೆ ಒಂದು ಕಾಣಿಕೆ ಸಲ್ಲಬೇಕೆಂಬುದು ಸಂಘದ ಬೇಡಿಕೆ. ಆಗ ವಲೆಂಟಿ, ಮನೆಯಲ್ಲಿ ಒಬ್ಬಳೇ ಇರುವ ಹೆಂಗಸಿಗೆ ಬಾಸ್ಟನ್ನಿನ ಕೊಲೆಗಡುಕ ಹೇಗೋ ಚಿತ್ರ ನಿರ್ಮಾಪಕರಿಗೂ ಜನತೆಗೂ ಈ ಯಂತ್ರ ಹಾಗೆ ಎಂಬ ಅರ್ಥದ ಮಾತನ್ನಾಡಿದರು. 1960ರ ದಶಕದ ಆರಂಭದಲ್ಲಿ ಬಾಸ್ಟನ್ ಸುತ್ತಮುತ್ತ ಹಲವು ಹೆಂಗಸರನ್ನು ಕತ್ತು ಹಿಸುಕಿ ಕೊಂದ ಪ್ರಕರಣ ಕೇಳುಗರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು.

ನಮ್ಮ ಆಲಂಕಾರಿಕರು ಈ ಉಪಮೆಯನ್ನು ಕೇಳಿದ್ದರೆ ಮೊದಲು ಔಚಿತ್ಯವನ್ನು ಕುರಿತು ಪ್ರಶ್ನಿಸುತ್ತಿದ್ದರು. ಉಪಮಾನದ ಭಯಾನಕಕ್ಕೂ ಉಪಮೇಯದ ಸಂಗತಿಗೂ ಸಾಮ್ಯವೆಲ್ಲಿದೆ? ರಾತ್ರಿಯ ಚಿತ್ರವನ್ನು ಮರುದಿನ ನೋಡುವುದಕ್ಕಾಗಿ ತೆಗೆದಿಟ್ಟ ಗೃಹಸ್ಥನೊಬ್ಬ ಕೊಲೆಗಡುಕನ ಸಹಾಯಕನಾಗಿಬಿಟ್ಟ! ಆದರೆ ಉಪಮೆಯ ಕೆಲಸ ಸಾಮ್ಯವನ್ನು ತೋರಿಸುವುದಾಗಿರಲಿಲ್ಲ, ಪಾತ್ರಗಳನ್ನು ಹಂಚುವುದಾಗಿತ್ತು. ಕೋಟ್ಯಂತರ ಡಾಲರಿನ ಕಂಪನಿಗಳು ಆ ಒಂದು ವಾಕ್ಯದಲ್ಲಿ ಅಸಹಾಯಕ ಅಬಲೆಯಾದವು. ಶಾಸಕರು ಕಾಪಾಡಬಂದ ವೀರರಾದರು. ಪ್ರೇಕ್ಷಕನಿಗೆ ಆ ನಾಟಕದಲ್ಲಿ ಪಾತ್ರವೇ ಉಳಿಯಲಿಲ್ಲ.

ಮುಂದೆ ನಡೆದುದು ಇನ್ನೂ ಸ್ವಾರಸ್ಯವಾಗಿದೆ. 1984ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಐವರು ನ್ಯಾಯಾಧೀಶರಿಗೆ ಎದುರು ನಾಲ್ವರಂತೆ ತೀರ್ಪಿತ್ತು, ಹೀಗೆ ಮನೆಯಲ್ಲಿ ಮುದ್ರಿಸಿಕೊಂಡು ನೋಡುವುದು ನ್ಯಾಯವಾದ ಬಳಕೆಯೇ ಎಂದಿತು. ಬೇಡಿದ ಕಾಣಿಕೆಯನ್ನು ಶಾಸನಸಭೆಯೂ ಕೊಡಲಿಲ್ಲ. ಆ ದಶಕ ಮುಗಿಯುವುದರೊಳಗೆ ವೀಡಿಯೋ ಟೇಪಿನಿಂದ ಸ್ಟುಡಿಯೋಗಳಿಗೆ ಬರುವ ವರಮಾನ ಚಿತ್ರಮಂದಿರಗಳ ವರಮಾನವನ್ನೇ ಮೀರಿಸಿತು. ಕೊಲೆಗಡುಕನೆಂದು ಬೈದವನೇ ಮನೆಗೆ ಅನ್ನ ಹಾಕಿದ.

ವಲೆಂಟಿಯವರ ಇನ್ನೊಂದು ಮಾತು ಇದಕ್ಕಿಂತ ಸೂಕ್ಷ್ಮವಾದುದು. ಕೃತಿಸ್ವಾಮ್ಯವನ್ನು ‘ಮಿತವಾದ ಕಾಲಕ್ಕೆ’ ಮಾತ್ರ ಕೊಡಬೇಕೆಂದು ಅಮೆರಿಕದ ಸಂವಿಧಾನ ವಿಧಿಸಿದೆ. 1998ರಲ್ಲಿ ಆ ಅವಧಿಯನ್ನು ಇಪ್ಪತ್ತು ವರ್ಷ ಬೆಳೆಸುವ ಮಸೂದೆ ಬಂದಾಗ ಸಂಘವೂ ಡಿಸ್ನಿಯಂಥ ಕಂಪನಿಗಳೂ ಅದರ ಬೆನ್ನಿಗೆ ನಿಂತವು. ಅನಂತಕಾಲದಲ್ಲಿ ಒಂದು ದಿನ ಕಡಿಮೆ ಮಾಡಿದರೆ ಅದೂ ಮಿತವಾದ ಕಾಲವೇ ತಾನೆ, ಎಂಬ ವಲೆಂಟಿಯವರ ಸಲಹೆಯನ್ನು ಸದಸ್ಯೆ ಮೇರಿ ಬೊನೊ ಆಗ ಸಭೆಯಲ್ಲಿ ನೆನಪಿಸಿದರು. ಹಾಸ್ಯವೆಂದು ನಕ್ಕುಬಿಡಬಹುದು. ಆದರೆ ಅನಂತದಿಂದ ಒಂದನ್ನು ಕಳೆದರೆ ಉಳಿಯುವುದೂ ಅನಂತವೇ. ಅಕ್ಷರವನ್ನು ಉಳಿಸಿಕೊಂಡು ಅರ್ಥವನ್ನು ಕಳೆಯುವ ಈ ವಿದ್ಯೆಯೇ ಮೊಗಸಾಲೆಯ ಅಲಂಕಾರಶಾಸ್ತ್ರದ ಸಾರ. ಮಸೂದೆ ಕಾನೂನಾಯಿತು. ಕಂಪನಿಗಳ ಕೃತಿಗಳಿಗೆ ಪ್ರಕಟವಾದಂದಿನಿಂದ 95 ವರ್ಷದ ರಕ್ಷಣೆ ಸಿಕ್ಕಿತು. 1923ರ ಕೃತಿಗಳು ಸಾರ್ವಜನಿಕರ ಕೈಸೇರಲು 2019ರವರೆಗೆ ಕಾಯಬೇಕಾಯಿತು. 1928ರ ಮಿಕ್ಕಿ ಮೌಸ್ ಚಿತ್ರ ‘ಸ್ಟೀಮ್‌ಬೋಟ್ ವಿಲ್ಲಿ’ ಬಂಧಮುಕ್ತವಾದದ್ದು 2024ರಲ್ಲಿ.

ಈ ವಾದಗಳಲ್ಲೆಲ್ಲ ಮುಂದೆ ನಿಲ್ಲಿಸುವುದು ಕರ್ತೃವನ್ನು: ದುಡಿದು ಸೃಷ್ಟಿಸಿದ ಕಲಾವಿದನನ್ನು. ಅವನಿಗೆ ರಕ್ಷಣೆ ಬೇಡವೆಂದು ಯಾರೂ ಹೇಳಲಾರರು. ಬರೆದು ಬದುಕುವುದು ಎಷ್ಟು ಕಷ್ಟವೆಂಬುದು ನಮಗೂ ಗೊತ್ತು. ಆದರೆ ಅಮೆರಿಕದ ಕಾನೂನಿನಲ್ಲಿ ಸಂಬಳಕ್ಕೆ ಬರೆಸಿದ ಚಿತ್ರಕಥೆಯ ಕರ್ತೃ ಬರೆದವನಲ್ಲ, ಬರೆಸಿದ ಕಂಪನಿ. ಕಣ್ಣೀರು ಕಲಾವಿದನದು, ಖಜಾನೆ ಒಡೆಯನದು. ನಮ್ಮ ದೇಶದಲ್ಲಿಯೂ 1957ರ ಕಾಯಿದೆಯಂತೆ ಚಲನಚಿತ್ರದ ಕರ್ತೃ ನಿರ್ಮಾಪಕನೇ. ಅವಧಿಯನ್ನು ಬೆಳೆಸುವ ಆಸೆಗೆ ನಾವೂ ಹೊರತಲ್ಲ. ಲೇಖಕ ತೀರಿಕೊಂಡ ಐವತ್ತು ವರ್ಷಕ್ಕೆ ಹಕ್ಕು ಮುಗಿಯಬೇಕಿದ್ದು, ರವೀಂದ್ರನಾಥ ಠಾಕೂರರ ಕೃತಿಗಳ ಸರದಿ ಬಂದಾಗ 1992ರಲ್ಲಿ ಅದನ್ನು ಅರವತ್ತಕ್ಕೆ ಏರಿಸಿದೆವು. 1981ರಲ್ಲಿ ಅಗಲಿದ ಬೇಂದ್ರೆಯವರ ಪದ್ಯಗಳು ಎಲ್ಲರ ಸೊತ್ತಾಗುವುದು 2042ರಲ್ಲಿ. ಅಮೆರಿಕದ ಎಪ್ಪತ್ತು ವರ್ಷದ ಅಳತೆ ಇಲ್ಲಿಗೂ ಬಂದರೆ, ಇನ್ನೂ ಹತ್ತು ವರ್ಷ ಕಾಯಬೇಕು.

ಕೊನೆಯದಾಗಿ ಡಾಡ್ ಅವರ ಮಾತು. ಇಂಟರ್ನೆಟ್ಟಿನ ಕಳ್ಳಪ್ರತಿಗಳನ್ನು ತಡೆಯಲೆಂದು ಸಂಘ ಬೆಂಬಲಿಸಿದ ಎರಡು ಮಸೂದೆಗಳ ವಿರುದ್ಧ 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಒಂದು ದಿನ ಬಾಗಿಲು ಹಾಕಿತು. ಮತದಾರರ ದೂರುಗಳು ಹರಿದುಬಂದವು. ಎರಡೇ ದಿನದಲ್ಲಿ ಮಸೂದೆಗಳು ಮೂಲೆ ಸೇರಿದವು. ಕಳ್ಳಪ್ರತಿಯಿಂದಾಗುವ ನಷ್ಟ ಸುಳ್ಳಲ್ಲ; ಮದ್ದು ಮಾತ್ರ ರೋಗಕ್ಕಿಂತ ಕಹಿಯೆಂದು ಜನ ಭಾವಿಸಿದರು. ಬೇಸತ್ತ ಡಾಡ್ ಟೆಲಿವಿಷನ್ನಿನಲ್ಲಿ ರಾಜಕಾರಣಿಗಳನ್ನು ಎಚ್ಚರಿಸಿದರು: ನಿಮ್ಮ ಕುರ್ಚಿ ಅಲುಗಿದಾಗ ನಮ್ಮ ಚೆಕ್ಕು ಕೇಳಿ, ನಮ್ಮ ಕಷ್ಟಕಾಲದಲ್ಲಿ ಮುಖ ತಿರುಗಿಸಬೇಡಿ ಎಂಬ ಧಾಟಿಯಲ್ಲಿ. ಇಲ್ಲಿ ಉಪಮೆಯಿಲ್ಲ, ಅಬಲೆಯಿಲ್ಲ, ಕಲಾವಿದನಿಲ್ಲ. ವ್ಯಂಗ್ಯವಾಗಿ ಅಡಗಿದ್ದ ಅರ್ಥವೆಲ್ಲ ವಾಚ್ಯವಾಗಿಬಿಟ್ಟಿತು.

ಶೈಲಿಯ ದೃಷ್ಟಿಯಿಂದ ಇದು ಅವನತಿ. ಸತ್ಯದ ದೃಷ್ಟಿಯಿಂದ ಏಳಿಗೆ. ವಲೆಂಟಿಯವರ ಚಮತ್ಕಾರಕ್ಕೆ ತಲೆದೂಗೋಣ. ಆದರೆ ಲೇಖಕನ ಹೆಸರಿನಲ್ಲಿ ಯಾರಾದರೂ ಗದ್ಗದ ಕಂಠದಿಂದ ಮಾತನಾಡಿದಾಗ, ಆ ಲೇಖಕ ಸಭೆಯಲ್ಲಿ ಎಲ್ಲಿ ಕುಳಿತಿದ್ದಾನೆಂದು ಒಮ್ಮೆ ಹಿಂದಿರುಗಿ ನೋಡುವುದು ಒಳ್ಳೆಯದು.