ಮಂತ್ರಿ ಇಳಿದ ಮೇಲಿನ ಆಟ

ಮಂತ್ರಿಗಳೆರಡೂ ಹಲಗೆಯಿಂದ ಇಳಿದ ಮೇಲೆ ಚದುರಂಗದಲ್ಲಿ ಕಾಯಿಗಳ ಬೆಲೆಯೇ ಬೇರೆಯಾಗುತ್ತದೆ. ಅಲ್ಲಿಯವರೆಗೆ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದ ರಾಜ ಕಾದಾಡುವ ಕಾಯಿಯಾಗುತ್ತಾನೆ. ಹೊತ್ತಿಗೆ ಸರಿಯಾಗಿ ಓಡಿದ ಒಂದು ಕಾಲಾಳು ಆನೆಗಿಂತ ಹೆಚ್ಚು ತೂಕ ಪಡೆಯುತ್ತದೆ. ಯಾರ ಸರದಿ ಎಂಬ ಒಂದೇ ಸಂಗತಿ ಎಷ್ಟೋ ಸಲ ಆಟವನ್ನು ತೀರ್ಮಾನಿಸಿಬಿಡುತ್ತದೆ. ಶಿವಮೊಗ್ಗ, ಭದ್ರಾವತಿಯ ಭಾನುವಾರದ ಪಂದ್ಯಾವಳಿಗಳಲ್ಲಿ ಮಾತ್ರ ಇದೇ ಗಳಿಗೆಗೆ ಆಟಗಾರರ ಕಣ್ಣು ಹಲಗೆಯಿಂದ ಮೇಲೇಳುತ್ತದೆ. ಮಂತ್ರಿ ಹೋಯಿತು, ಒಂದೆರಡು ಆನೆ ಉಳಿದಿವೆ, ‘ಡ್ರಾ?’ ಎಂದು ಕೈ ಮುಂದೆ ಬರುತ್ತದೆ. ಎದುರಿನವರೂ ಬಿಡುಗಡೆಯಾದಂತೆ ಆ ಕೈ ಹಿಡಿಯುತ್ತಾರೆ. ಆಟ ಶುರುವಾಗಬೇಕಾದಲ್ಲಿ ಸ್ಕೋರ್‌ಶೀಟಿಗೆ ಸಹಿ ಬೀಳುತ್ತದೆ.

ಇದರ ಹೊಣೆಯನ್ನು ಮಕ್ಕಳ ಮೇಲೆ ಹಾಕುವುದು ಅನ್ಯಾಯ. ಹೊಣೆ ಹೊರಬೇಕಾದ್ದು ಓಪನಿಂಗ್ ಪಂಥ. ಹತ್ತು ವರ್ಷದ ಹುಡುಗಿಗೆ ನೈಡಾರ್ಫ್‌ನ ಹದಿನೈದು ನಡೆ ಬಾಯಿಪಾಠ ಬರುತ್ತದೆ. ರಾಜ ಮತ್ತು ಒಂದು ಕಾಲಾಳು ಒಂಟಿ ರಾಜನ ಎದುರು ನಿಂತಾಗ ಆಪೊಸಿಷನ್ (ರಾಜರಿಬ್ಬರು ಎದುರುಬದುರು ನಿಂತಾಗಿನ ಮೇಲುಗೈ) ಯಾರ ಕೈಯಲ್ಲಿದೆ ಎಂದು ಕೇಳಿದರೆ ಬೆರಳು ತಡವರಿಸುತ್ತದೆ. ಓಪನಿಂಗ್ ಕಲಿಸುವುದು ಕಲಿಸುವವರಿಗೆ ಸುಲಭ: ಪಾಠಕ್ಕೆ ಹೆಸರಿದೆ, ಮುಂದಿನ ವಾರಕ್ಕೆ ಹೋಮ್‌ವರ್ಕ್ ಇದೆ, ಒಂದು ಬಲೆಗೆ ಎದುರಾಳಿ ಬಿದ್ದರೆ ಹೊರಗೆ ಕಾಯುತ್ತಿರುವ ಅಪ್ಪ ಅಮ್ಮನಿಗೆ ಅಂದೇ ಫಲ ಕಾಣುತ್ತದೆ. ಮೊಬೈಲಿನ ಪಜಲ್‌ಗಳದ್ದೂ ಇದೇ ಗುಣ. ಎರಡು ನಡೆಯಲ್ಲಿ ಮೇಟ್, ಹಸಿರು ಟಿಕ್, ಮುಂದಿನದು. ನಲವತ್ತು ನಡೆ ಏನೂ ಆಗದಂತೆ ಕಂಡು ನಲವತ್ತೊಂದನೆಯದರಲ್ಲಿ ಎದುರಾಳಿ ಕುಸಿಯುವ ಆಟವನ್ನು ಯಾವ ಆ್ಯಪೂ ಅಷ್ಟು ಚೆನ್ನಾಗಿ ಮಾರಲಾರದು.

ಆನೆ ಎಂಡ್‌ಗೇಮ್‌ಗಳ ಮೂಲಪಾಠವಾದ ಲೂಸೆನಾ, ಫಿಲಿಡೋರ್ ಸ್ಥಿತಿಗಳ ಮಾತು ಈ ಅಂಕಣದಲ್ಲಿ ಹಿಂದೆಯೇ ಮುಗಿದಿದೆ. ಲೂಸೆನಾ ಹೆಸರಿನ ಸ್ಥಿತಿ 1497ರ ಲೂಸೆನಾನ ಪುಸ್ತಕದಲ್ಲಿ ಇಲ್ಲವೇ ಇಲ್ಲ; ಅದು ಅಚ್ಚಿನಲ್ಲಿ ಸಿಗುವುದು 1634ರ ಸಾಲ್ವಿಯೋನ ಪುಸ್ತಕದಲ್ಲಿ. ಕರ್ತೃ ಯಾರೇ ಇರಲಿ, ಅಂಥ ಸ್ಥಿತಿಗಳನ್ನು ಕಲಿಯುವುದು ವ್ಯಾಕರಣ ಕಲಿತಂತೆ. ಅದಿಲ್ಲದೆ ಆಗದು, ಅಷ್ಟರಿಂದಲೇ ಬರೆಯಲೂ ಬಾರದು. ದೊಡ್ಡ ಆಟಗಾರರು ಗೆದ್ದ ಎಂಡ್‌ಗೇಮ್‌ಗಳಲ್ಲಿ ನೋಡಬೇಕಾದ್ದು ಪುಸ್ತಕದ ಸ್ಥಿತಿ ತಲುಪುವ ಮೊದಲಿನ ಇಪ್ಪತ್ತು ಮೂವತ್ತು ನಡೆಗಳನ್ನು. ಯಾವ ಕಾಯಿ ಬಿಟ್ಟರು, ಯಾವುದು ಉಳಿಸಿಕೊಂಡರು, ಎಲ್ಲಿ ಸುಮ್ಮನೆ ಕಾದರು ಎಂಬುದು ಕಾಣುವುದು ಅಲ್ಲಿ.

ಇದಕ್ಕೆ ಕಾಪಾಬ್ಲಾಂಕ ಮತ್ತು ತಾರ್ತಕೋವರ್ 1924ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದ ಆಟಕ್ಕಿಂತ ಒಳ್ಳೆಯ ಪಠ್ಯವಿಲ್ಲ. ಕ್ಯೂಬಾದ ಕಾಪಾಬ್ಲಾಂಕ ಆಗ ವಿಶ್ವ ಚಾಂಪಿಯನ್. ಎಂಟು ವರ್ಷ ಒಂದೂ ಸೋಲು ಕಾಣದೆ ಬಂದಿದ್ದವನು ಆ ಪಂದ್ಯಾವಳಿಯಲ್ಲೇ ರೇಟಿಗೆ ಸೋತಿದ್ದ. ಅದರ ಬೆನ್ನಲ್ಲೇ ಈ ಆಟ. ಡಚ್ ಡಿಫೆನ್ಸ್‌ನಿಂದ ಶುರುವಾಗಿ ಒಂದೊಂದು ಆನೆ ಮತ್ತು ಕಾಲಾಳುಗಳಷ್ಟೇ ಉಳಿದ ಹಂತ ಬಂತು. ಬಿಳಿಯ ಆನೆ ಎಚ್7ರಲ್ಲಿ ಕೂತು ಕಪ್ಪು ರಾಜನನ್ನು ಕೊನೆಯ ಸಾಲಿಗೆ ಕಟ್ಟಿಹಾಕಿದೆ. ಜಿ5ರಲ್ಲಿ ಬಿಳಿಯ ಮುನ್ನಡೆದ ಕಾಲಾಳು ಇದೆ. ಆದರೆ ಕಪ್ಪು ಆನೆ ಸಿ ಸಾಲಿನಲ್ಲಿ ಬಂದು ಸಿ3ರ ಕಾಲಾಳಿನ ಮೇಲೆ ಕಣ್ಣಿಟ್ಟಿದೆ. ಸಾಮಾನ್ಯ ಆಟಗಾರ ಇಲ್ಲಿ ಮೊದಲು ಯೋಚಿಸುವುದು ಸಿ3 ಕಾಯುವ ಬಗೆ. ಆನೆಯನ್ನು ಹಿಂದೆ ತಂದರೆ ಕಾಲಾಳು ಉಳಿಯುತ್ತದೆ, ಆಟ ಹೋಗುತ್ತದೆ.

ಕಾಪಾಬ್ಲಾಂಕ ರಾಜನನ್ನು ಎಫ್3ರಿಂದ ಜಿ3ಕ್ಕೆ ನಡೆಸಿದ. ಸಿ3 ಬಿತ್ತು, ಅದೂ ಚೆಕ್ ಸಮೇತ. ರಾಜ ಎಚ್4ಕ್ಕೆ ಹೋದ. ಕಪ್ಪು ಆನೆ ಎಫ್3ಕ್ಕೆ ಬಂದು ಎಫ್4ರ ಕಾಲಾಳನ್ನು ಗುರಿ ಮಾಡಿತು. ಬಿಳಿ ಅದನ್ನೂ ಕಾಯಲಿಲ್ಲ; ಜಿ ಕಾಲಾಳನ್ನು ಆರನೆಯ ಮನೆಗೆ ತಳ್ಳಿತು. ಎಫ್4 ಕೂಡ ಚೆಕ್ ಸಮೇತ ಬಿತ್ತು, ರಾಜ ಜಿ5ಕ್ಕೆ ಬಂದ. ಇಲ್ಲಿಗೆ ಎರಡು ಕಾಲಾಳು ಹೋಗಿವೆ, ಎರಡು ಸಲ ಚೆಕ್ ಆಗಿದೆ; ಪಕ್ಕದಲ್ಲಿ ನಿಂತು ನೋಡುವವರು ಬಿಳಿಗೆ ಕಷ್ಟ ಎನ್ನುತ್ತಾರೆ. ಕಪ್ಪು ಆನೆ ಇ4ಕ್ಕೆ ಸರಿದಾಗ ಬಂತು ಇಡೀ ಆಟದ ಅತಿ ಸೂಕ್ಷ್ಮ ನಡೆ. ಎಫ್5ರಲ್ಲಿ ಕಪ್ಪಿನ ಕಾಲಾಳು ಕೈಗೆಟುಕುವಂತೆ ನಿಂತಿತ್ತು. ಬಿಳಿ ರಾಜ ಅದನ್ನು ತಿನ್ನದೆ ಎಫ್6ಕ್ಕೆ ಹೋದ. ಆ ಕಾಲಾಳು ಈಗ ಬಿಳಿಯ ಕೊಡೆ: ಎಫ್ ಸಾಲಿನಲ್ಲಿ ಕಪ್ಪು ಆನೆ ಕೊಡಬಹುದಾದ ಚೆಕ್‌ಗಳಿಗೆಲ್ಲ ಕಪ್ಪಿನದೇ ಕಾಲಾಳು ಅಡ್ಡ. ಎಚ್8ರಲ್ಲಿ ಮೇಟ್ ಬೆದರಿಕೆ ಬೇರೆ. ಕಪ್ಪು ರಾಜ ಜಿ8ಕ್ಕೆ ಸರಿದ, ಬಿಳಿ ಆನೆ ಜಿ7ರಲ್ಲಿ ಚೆಕ್ ಕೊಟ್ಟು ಸಿ7ರ ಕಾಲಾಳನ್ನು ಎತ್ತಿಕೊಂಡಿತು. ಆಮೇಲೆ ಎಫ್5, ಎ7, ಡಿ5 ಒಂದೊಂದಾಗಿ ಉದುರಿದವು. ಕೊಟ್ಟಿದ್ದು ಬಡ್ಡಿ ಸಮೇತ ಹಿಂದೆ ಬಂತು.

ಈ ಆಟದ ಪಾಠವನ್ನು ‘ಎಂಡ್‌ಗೇಮ್‌ನಲ್ಲಿ ರಾಜನನ್ನು ಬಳಸಿ’ ಎಂದು ಬೋರ್ಡಿನ ಮೇಲೆ ಬರೆದು ಮುಗಿಸುವುದುಂಟು. ಅಷ್ಟು ಹೇಳಿದರೆ ಏನೂ ಹೇಳಿದಂತಾಗದು. ಕಾಪಾಬ್ಲಾಂಕನ ಲೆಕ್ಕ ಹೀಗಿತ್ತು: ಕಪ್ಪು ರಾಜ ಕಟ್ಟಿಬಿದ್ದಿದ್ದಾನೆ, ಆದ್ದರಿಂದ ಹಲಗೆಯ ಆ ಬದಿಯಲ್ಲಿ ಬಿಳಿಯ ರಾಜ, ಆನೆ, ಕಾಲಾಳು ಮೂರೂ ಕೂಡಿ ಒಂಟಿ ರಾಜನ ಮೇಲೆ ಬೀಳಬಹುದು, ಕಪ್ಪು ಆನೆ ದೂರದಲ್ಲಿ ಕಾಲಾಳು ತಿನ್ನುತ್ತಿರುವ ಅಷ್ಟೂ ಹೊತ್ತು ಅದು ಕಾವಲಿಗೆ ಇಲ್ಲ. ಕಾಲಾಳುಗಳ ಎಣಿಕೆಗಿಂತ ನಡೆಗಳ ಎಣಿಕೆ ಮುಖ್ಯವಾದ ಜಾಗವದು. ಅಂಥ ಜಾಗವನ್ನು ಗುರುತಿಸುವ ಕಣ್ಣು ಇಂಥ ಹತ್ತಾರು ಆಟ ನೋಡಿದಾಗಷ್ಟೇ ಬರುತ್ತದೆ, ಸೂತ್ರದಿಂದ ಬರುವುದಿಲ್ಲ.

ವಿನಿಮಯದ ಪ್ರಶ್ನೆ ಇನ್ನೊಂದು. ಊರಿನ ಆಟಗಳಲ್ಲಿ ಹೆಚ್ಚು ಅಂಕ ಹಾಳಾಗುವುದು ಇಲ್ಲೇ. 1971ರಲ್ಲಿ ವ್ಯಾಂಕೂವರ್‌ನಲ್ಲಿ ಫಿಶರ್ ತೈಮನೊವ್‌ನನ್ನು 6–0ಯಿಂದ ಮುಗಿಸಿದ ಪಂದ್ಯದ ನಾಲ್ಕನೆಯ ಆಟದಲ್ಲಿ ಉಳಿದಿದ್ದ ಒಂದು ಜೊತೆ ಆನೆಗಳನ್ನು ಫಿಶರ್ ತಾನಾಗಿ ವಿನಿಮಯ ಮಾಡಿದ. ಉಳಿದದ್ದು ಬಿಳಿಯ ಫಿಶರ್‌ನ ಒಂಟೆ ವಿರುದ್ಧ ಕಪ್ಪಿನ ಕುದುರೆ. ಬಲಬದಿಯ ಕಪ್ಪಿನ ಕಾಲಾಳುಗಳು ಒಂಟೆ ಓಡಾಡುವ ಬಿಳಿ ಮನೆಗಳಲ್ಲೇ ಸಿಕ್ಕಿಬಿದ್ದಿದ್ದವು. ಒಂಟೆ ಅತ್ತಿತ್ತ ಅಲೆಯುತ್ತ ಸರದಿಯನ್ನು ಎದುರಾಳಿಯ ಮೇಲೆ ಹೊರಿಸಿತು. ಆಡಲೇಬೇಕು, ಏನು ಆಡಿದರೂ ಕೆಡುತ್ತದೆ ಎಂಬ ಝುಗ್‌ಜ್ವಾಂಗ್‌ಗೆ ಕಪ್ಪು ಬಿತ್ತು. ಕೊನೆಗೆ ಒಂಟೆ ಜಿ6ರಲ್ಲಿ ತನ್ನನ್ನೇ ಬಲಿ ಕೊಟ್ಟಿತು, ರಾಜ ಎಡಬದಿಯ ಕಾಲಾಳುಗಳನ್ನು ಮೇಯ್ದ.

ಅದೇ ವಿನಿಮಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2024ರ ಡಿಸೆಂಬರ್ 12ರ ಸಿಂಗಪುರ ಸಾಕು. ವಿಶ್ವ ಚಾಂಪಿಯನ್‌ಶಿಪ್‌ನ 14ನೆಯ, ಅಂದರೆ ಕೊನೆಯ ಆಟ. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಎರಡೂ ಕಡೆ ಒಂದು ಆನೆ, ಒಂದು ಒಂಟೆ. ಡ್ರಾ ಎಂದೇ ಎಲ್ಲರ ಅಂದಾಜು. ಬಿಳಿಯ ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದು ಆನೆ ವಿನಿಮಯಕ್ಕೆ ದಾರಿ ಕೊಟ್ಟ. ಆತನ ಒಂಟೆ ಎ8ರ ಮೂಲೆಯಲ್ಲಿತ್ತು. ಆನೆಗಳು ಹೋದ ಮರುನಡೆಯಲ್ಲೇ ಗುಕೇಶ್ ಒಂಟೆಯನ್ನು ಡಿ5ಕ್ಕೆ ತಂದು ನಿಲ್ಲಿಸಿದ. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳುವ ಮನೆಯಿಲ್ಲ, ಬದಲಾಯಿಸಿಕೊಳ್ಳಲೇಬೇಕು. ಉಳಿದದ್ದು ರಾಜ ಮತ್ತು ಕಾಲಾಳು, ಅದು ಗುಕೇಶ್‌ಗೆ ಗೆಲುವು. 58 ನಡೆಗೆ ಆಟ ಮುಗಿಯಿತು, 7.5–6.5ಕ್ಕೆ ಪಂದ್ಯವೂ ಮುಗಿಯಿತು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ ಆ ಕ್ಷಣದ ಹಿಂದಿರುವ ತಿಳಿವಳಿಕೆ ಪುಸ್ತಕದ ಮೊದಲ ಅಧ್ಯಾಯದ್ದು: ವಿನಿಮಯ ಮಾಡುವ ಮುಂಚೆ, ಎಲ್ಲ ಕಾಯಿಗಳೂ ಹೋದರೆ ರಾಜ–ಕಾಲಾಳು ಆಟ ಯಾರದು ಎಂದು ನೋಡುವುದು. ಆಯಾಸದಲ್ಲಿ ಡಿಂಗ್ ಅಂಥವನಿಗೂ ಅದು ತಪ್ಪಿತು.

ಈ ವಾರ ನಿಜಕ್ಕೆ ಬರೆಯಬೇಕಿದ್ದದ್ದು 2013ರ ಚೆನ್ನೈನ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ ಬಗ್ಗೆ. ಮೊದಲ ನಾಲ್ಕು ಆಟ ಡ್ರಾ ಆಗಿ, ಐದು ಮತ್ತು ಆರನೆಯ ಆಟಗಳಲ್ಲಿ ಕಾರ್ಲ್‌ಸನ್ ಆನಂದ್‌ರನ್ನು ಆನೆ ಎಂಡ್‌ಗೇಮ್‌ಗಳಲ್ಲಿ ಸೋಲಿಸಿದ. ಎರಡೂ ಡ್ರಾ ಮಾಡಬಹುದಾಗಿದ್ದ ಸ್ಥಿತಿಗಳೇ. ಆರನೆಯದರಲ್ಲಿ ಕಾರ್ಲ್‌ಸನ್ ಕಾಲಾಳುಗಳನ್ನು ಬಿಟ್ಟುಕೊಟ್ಟು ಎಫ್ ಸಾಲಿನ ಕಾಲಾಳನ್ನು ಓಡಿಸಿದ ರೀತಿಯಲ್ಲಿ ಕಾಪಾಬ್ಲಾಂಕನ ನೆರಳು ಸ್ಪಷ್ಟ. ಅಷ್ಟು ಹೇಳಿ ಆ ಪಂದ್ಯವನ್ನು ಇಲ್ಲಿಗೆ ಬಿಡಬಹುದು. ಅದಕ್ಕಿಂತ ಸ್ವಾರಸ್ಯವಾದ, ಓಪನಿಂಗ್ ಪಂಥಕ್ಕೆ ನೇರ ಉತ್ತರವಾದ ಒಬ್ಬ ಆಟಗಾರ ಇದೇ ಉಪಖಂಡದಲ್ಲಿ ಆಗಿಹೋಗಿದ್ದಾನೆ.

ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕಲಿತದ್ದು ದೇಸಿ ಚದುರಂಗ. ಅದರಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹಾರುವ ಸವಲತ್ತಿಲ್ಲ. ಕೊನೆಯ ಸಾಲು ಮುಟ್ಟಿದ ಕಾಲಾಳು, ಆ ಮನೆಯಲ್ಲಿ ಮೊದಲು ಯಾವ ಕಾಯಿ ಇತ್ತೋ ಆ ಕಾಯಿಯಾಗುತ್ತಿತ್ತು. ಬೇಕೆಂದಾಗ ಮಂತ್ರಿ ಸಿಗುತ್ತಿರಲಿಲ್ಲ. ಕುದುರೆಯ ಸಾಲಿನ ಕಾಲಾಳು ಕುದುರೆಯೇ ಆಗುವುದಾದರೆ ಯಾವ ಕಾಲಾಳು ಉಳಿಸಬೇಕು ಎಂಬ ಚಿಂತೆ ಆಟದ ನಡುವೆಯೇ ಶುರುವಾಗಬೇಕು. ನಿಧಾನದ ಆರಂಭ, ಲೆಕ್ಕದ ಅಂತ್ಯ: ಆ ಆಟದ ಸ್ವಭಾವವೇ ಹಾಗೆ. ಸುಲ್ತಾನ್ ಖಾನ್ 1929ರಲ್ಲಿ ಲಂಡನ್ನಿಗೆ ಹೋದಾಗ ಯುರೋಪಿನ ಓಪನಿಂಗ್ ಪುಸ್ತಕಗಳ ಪರಿಚಯ ಅವನಿಗೆ ಇರಲಿಲ್ಲ ಎಂದೇ ಹೇಳಬೇಕು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ. 1932, 1933ರಲ್ಲಿ ಮತ್ತೆ ಆದ. 1930–31ರ ಹೇಸ್ಟಿಂಗ್ಸ್‌ನಲ್ಲಿ ಸೋಲಿಸಿದ್ದು ಬೇರಾರನ್ನೂ ಅಲ್ಲ, ಕಾಪಾಬ್ಲಾಂಕನನ್ನೇ. ಆರಂಭದಲ್ಲಿ ಹಿಂದೆ ಬಿದ್ದು, ತಡೆದುಕೊಂಡು, ಕೊನೆಯಾಟದಲ್ಲಿ ತಿರುಗಿ ಬೀಳುವುದು ಅವನ ಕ್ರಮವಾಗಿತ್ತು. ಫಿಡೆ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವನು ತೀರಿಕೊಂಡು 58 ವರ್ಷದ ಮೇಲೆ.

ಓದುವ ಕ್ರಮಕ್ಕೆ ಬರೋಣ. ಟಿಪ್ಪಣಿ ಇರುವ ಒಂದು ಆಟ ಆರಿಸಿ, ಮಂತ್ರಿಗಳು ಇಳಿದ ಸ್ಥಿತಿಯನ್ನು ನಿಜವಾದ ಹಲಗೆಯ ಮೇಲೆ ಜೋಡಿಸುವುದು. ಮುಂದಿನ ನಡೆಗಳನ್ನು ಕಾಗದದಿಂದ ಮುಚ್ಚಿ, ಗೆದ್ದವರ ಕಡೆಯ ನಡೆಯನ್ನು ಊಹಿಸಿ ಬರೆದುಕೊಳ್ಳುವುದು, ಕಾರಣ ಸಮೇತ. ನಡೆ ಸರಿಯಾಗಿದ್ದು ಕಾರಣ ಬೇರೆಯಾಗಿದ್ದರೆ ಅದನ್ನು ತಪ್ಪೆಂದೇ ಎಣಿಸಬೇಕು. ಎಂಜಿನ್ ತೆರೆಯುವುದು ಎಲ್ಲ ಮುಗಿದ ಮೇಲೆ. ಏಳು ಕಾಯಿಗಳವರೆಗಿನ ಎಲ್ಲ ಸ್ಥಿತಿಗಳ ಉತ್ತರವೂ ಈಗ ಟೇಬಲ್‌ಬೇಸ್‌ಗಳಲ್ಲಿದೆ. ಇಷ್ಟು ನಡೆಗೆ ಮೇಟ್ ಎಂದು ಅದು ತಪ್ಪದೆ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಕಾಪಾಬ್ಲಾಂಕ ಎಫ್5ನ್ನು ಯಾಕೆ ತಿನ್ನಲಿಲ್ಲ ಎಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡವರಿಗೆ ಆ ನಡೆ ಜೀವನಪೂರ್ತಿ ನೆನಪಿರುತ್ತದೆ. ಎಂಜಿನ್ನಿನ ಬಾಣದ ಗುರುತು ನೋಡಿದವರಿಗೆ ಸಂಜೆಯವರೆಗೆ.

ಸೋವಿಯತ್ ಶಾಲೆಯ ಷೆರೆಷೆವ್ಸ್ಕಿ ತನ್ನ ಎಂಡ್‌ಗೇಮ್ ಪುಸ್ತಕದಲ್ಲಿ ಆತುರಪಡದಿರುವುದನ್ನೇ ಒಂದು ತತ್ತ್ವವಾಗಿ ಎತ್ತಿಹಿಡಿದ. ತಾಳಿದವನು ಬಾಳಿಯಾನು ಎಂದು ಇಲ್ಲಿನ ಅಜ್ಜಿಯರು ಹೇಳುವುದೂ ಅದನ್ನೇ. ಎದುರಾಳಿಗೆ ಮಾಡಲು ಏನೂ ಇಲ್ಲದಾಗ ಗೆಲ್ಲುವವರು ಒಂದೇ ಸ್ಥಿತಿಯನ್ನು ಎರಡು ಸಲ ತಂದು, ಆಮೇಲೆ ದಾರಿ ಬದಲಿಸುತ್ತಾರೆ. ಗಡಿಯಾರವೂ ಅವರ ಕಡೆ ಕೆಲಸ ಮಾಡುತ್ತದೆ. ಹಿಂದೆ ಆಟವನ್ನು ಅರ್ಧಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸುವ ಪದ್ಧತಿಯಿತ್ತು, ರಾತ್ರಿಯಿಡೀ ವಿಶ್ಲೇಷಣೆ ಮಾಡಬಹುದಿತ್ತು. ಅದು ನಿಂತುಹೋಗಿ ದಶಕಗಳಾದವು. ಈಗ ಆನೆ ಎಂಡ್‌ಗೇಮ್ ಬರುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಕೆಲವು ನಿಮಿಷ, ರ್‍ಯಾಪಿಡ್‌ನಲ್ಲಾದರೆ ಕೆಲವೇ ಸೆಕೆಂಡು. ಮೊದಲೇ ಗೊತ್ತಿರದ್ದು ಆಗ ಹೊಳೆಯುವುದಿಲ್ಲ.

ಊರಿನ ಮಟ್ಟಕ್ಕೆ ಇದೆಲ್ಲ ಹೆಚ್ಚಾಯಿತು ಎನ್ನುವವರೂ ಇದ್ದಾರೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿ ಮೈಸೂರಿನ ಎಂ.ಎಸ್. ತೇಜಕುಮಾರ್ 2017ರಲ್ಲಿ ಪದವಿ ಪಡೆದ ಬೆನ್ನಿಗೇ ಆ ಪಟ್ಟಿಗೆ ಸೇರಿದವರು ಶಿವಮೊಗ್ಗದ ಜಿ.ಎ. ಸ್ಟ್ಯಾನಿ. ಬೆಂಗಳೂರಿನ ಅಕಾಡೆಮಿಗಳ ನೆರಳಿನಿಂದ ದೂರದ ಊರು ಎಂಬ ಕಾರಣ ಅಲ್ಲಿಗೆ ತೀರಿತು. ವಯಸ್ಸಾಯಿತು ಎನ್ನುವ ಭದ್ರಾವತಿಯ ನಿವೃತ್ತರಿಗೆ ಸ್ಮಿಸ್ಲೊವ್‌ನ ಲೆಕ್ಕ ಸಾಕು: ಲೆವೆನ್‌ಫಿಶ್ ಜೊತೆ ಆನೆ ಎಂಡ್‌ಗೇಮ್‌ಗಳ ಪುಸ್ತಕ ಬರೆದ ಆತ 1957ರಲ್ಲಿ ವಿಶ್ವ ಚಾಂಪಿಯನ್, 1984ರಲ್ಲಿ, 60 ದಾಟಿದ ಮೇಲೆ, ಕ್ಯಾಂಡಿಡೇಟ್ಸ್ ಫೈನಲ್‌ನಲ್ಲಿ ಕಾಸ್ಪರೋವ್ ಎದುರು ಕೂತಿದ್ದ.

ಶುರು ಮಾಡುವವರು ಕಾಪಾಬ್ಲಾಂಕನಿಂದ ಶುರು ಮಾಡಿ, ಆನೆಗಳಿಗೆ ರೂಬಿನ್‌ಸ್ಟೈನ್, ಒಂಟೆ–ಕುದುರೆಗೆ ಫಿಶರ್, ಆಮೇಲೆ ಸ್ಮಿಸ್ಲೊವ್, ಕೊನೆಗೆ ಕಾರ್ಲ್‌ಸನ್ ಎಂದು ಹೋಗುವುದು ಒಳ್ಳೆಯದು. ಕಾರ್ಲ್‌ಸನ್‌ನ ಗೆಲುವುಗಳಲ್ಲಿ ಎದುರಾಳಿಯ ಪ್ರತಿರೋಧ ಹೆಚ್ಚು, ತಪ್ಪು ಸಣ್ಣದು. 2021ರಲ್ಲಿ ದುಬೈಯಲ್ಲಿ ನೆಪೊಮ್ನಿಯಾಚಿ ವಿರುದ್ಧದ ಆರನೆಯ ಆಟಕ್ಕೆ 136 ನಡೆ ಬೇಕಾಯಿತು. ಮೊದಲೇ ಅದನ್ನು ಹಿಡಿದವರಿಗೆ ಅಲ್ಲಿ ನಡೆಗಳು ಕಾಣುತ್ತವೆ, ಯೋಜನೆ ಕಾಣುವುದಿಲ್ಲ. ಮಂತ್ರಿ ಎಂಡ್‌ಗೇಮ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದು. ಅವುಗಳಲ್ಲಿ ಚೆಕ್‌ಗಳ ಗದ್ದಲವೇ ಹೆಚ್ಚು, ಊರಿನ ಪಂದ್ಯಾವಳಿಗಳಲ್ಲಿ ಅವು ಬರುವುದೂ ಕಡಿಮೆ.